7.65 ಅರ್ಜೆಂಟೈನ್ ಕೇಸ್‌ಗಳನ್ನು .30-06ರಿಂದ ಮಾಡಿಕೊಳ್ಳುವ ಬಗ್ಗೆ

ಸರ್, ತಾವು 1909ರ ಅರ್ಜೆಂಟೈನ್ ಮೌಸರ್ ರೈಫಲ್ ಕೊಂಡಿರುವುದಾಗಿಯೂ, ಅದರ 7.65×53 ತೋಟೆಯ ಖಾಲಿ ಕೇಸ್‌ಗಳು (ಮದ್ದು ಮತ್ತು ಗುಂಡನ್ನು ಹಿಡಿಯುವ ಹಿತ್ತಾಳೆಯ ಕೊಳವೆಗಳು) ನಾಲ್ಕು ತಿಂಗಳಿನಿಂದ ಎಲ್ಲಿಯೂ ಸಿಗುತ್ತಿಲ್ಲವೆಂದೂ ಬರೆದು, ಕೈಯಲ್ಲಿರುವ ಅಮೆರಿಕ ಸೇನೆಯ ಲೇಕ್ ಸಿಟಿ ಕಾರ್ಖಾನೆಯ 200 .30-06 (ಅಮೆರಿಕ ಸೇನೆಯ ಹಳೆಯ ರೈಫಲ್ ತೋಟೆ) ಕೇಸ್‌ಗಳನ್ನು ಅದಕ್ಕೆ ಹೊಂದಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಹೊಂದಿಸಿಕೊಳ್ಳಬಹುದು. ಇಲ್ಲಿ ಅಮೆರಿಕದಲ್ಲಿ ಅದೇ ಮಾದರಿಯ ರೈಫಲ್‌ಗೆ ನಾನೂ ಹೀಗೆಯೇ ಮಾಡಿಕೊಂಡಿದ್ದೇನೆ. ಆದರೆ ಆಕಾರ ಕೂಡಿಸುವುದು ಇದರಲ್ಲಿ ಸುಲಭದ ಭಾಗ. ಗುಂಡನ್ನು ಹಿಡಿಯುವ ಕಿರಿದಾದ ಭಾಗದ, ಅಂದರೆ ಕುತ್ತಿಗೆಯ, ದಪ್ಪವನ್ನು ಗಮನಿಸದವರು ಮಾತ್ರ ತೊಂದರೆಗೆ ಸಿಲುಕುತ್ತಾರೆ.

ಭಾರತದಲ್ಲಿರುವ ಸದಸ್ಯರಿಗೆ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ತೋಟೆ ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು, ಮತ್ತು ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ತಯಾರಿಕೆಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲಿಯವರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದಬೇಕು.

ಮಾಡಿಕೊಳ್ಳುವ ಮೊದಲು ಇನ್ನೊಮ್ಮೆ ಹುಡುಕಿ. ನಾರ್ಮಾ ಮತ್ತು ಸರ್ಬಿಯಾದ ಪ್ರವಿ ಪಾರ್ಟಿಜಾನ್ ಕಂಪನಿಗಳು ಈ ಅಳತೆಯನ್ನು ತಯಾರಿಸಿವೆ. ಬೇಡಿಕೆ ಕಡಿಮೆಯಿರುವುದರಿಂದ ಇಂತಹ ಸರಕು ಅಪರೂಪಕ್ಕೊಮ್ಮೆ ಬಂದು ಬೇಗನೆ ಖಾಲಿಯಾಗುತ್ತದೆ. ಖಾಲಿ ಕೇಸ್ ಸಿಗದಿದ್ದಾಗ ತುಂಬಿದ ಹೊಸ ತೋಟೆಗಳ ಒಂದೆರಡು ಪೆಟ್ಟಿಗೆ ಕೊಂಡು, ಹೊಡೆದು, ಅವುಗಳ ಕೇಸ್ ಉಳಿಸಿಕೊಳ್ಳುವುದು ದುಬಾರಿಯೆನಿಸಿದರೂ ಲೆಕ್ಕ ಹಾಕಿದರೆ ನಷ್ಟವಲ್ಲ. ಹಳೆಯ ಸೇನಾ ತೋಟೆಗಳನ್ನು ಅಗ್ಗವೆಂದು ತೆಗೆದುಕೊಳ್ಳಬೇಡಿ: ಅವುಗಳಲ್ಲಿ ಹೆಚ್ಚಿನವು ಬರ್ಡನ್ ಬಗೆಯ ಪ್ರೈಮರ್‌ನವು (ಪ್ರೈಮರ್ ಎಂದರೆ ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು), ಒಳಗೆ ನಡುವಿನ ಒಂದು ರಂಧ್ರದ ಬದಲು ಎರಡು ಸಣ್ಣ ರಂಧ್ರಗಳಿರುವುದರಿಂದ ಕೇಸನ್ನು ಒತ್ತಿ ಆಕಾರಕ್ಕೆ ತರುವ ನಮ್ಮ ಸಾಮಾನ್ಯ ಡೈಯ ಕಡ್ಡಿಯಿಂದ ಹಳೆಯ ಪ್ರೈಮರ್ ತೆಗೆಯಲು ಬರುವುದಿಲ್ಲ. (ಬರ್ಡನ್ ಅಮೆರಿಕದವನು, ಒಂದೇ ರಂಧ್ರದ ಬಗೆಯನ್ನು ಮಾಡಿದ ಬಾಕ್ಸರ್ ಇಂಗ್ಲೆಂಡಿನವನು; ಆದರೆ ಅಮೆರಿಕ ಬಾಕ್ಸರ್‌ನದನ್ನು ಹಿಡಿದುಕೊಂಡಿತು, ಬರ್ಡನ್‌ನದು ಯುರೋಪಿನ ಸೇನೆಗಳ ಪಾಲಾಯಿತು.)

ಇನ್ನು .30-06. ಇದರ ಬುಡ ಮತ್ತು ಅಂಚಿನ ಅಳತೆ ಮೌಸರ್ ವಂಶದ್ದೇ ಆದ್ದರಿಂದ ತೋಟೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೆ ಸರಿಯಾಗಿ ಕೂರುತ್ತದೆ. ವ್ಯತ್ಯಾಸವಿರುವುದು ಉದ್ದದಲ್ಲಿ: .30-06ರ ಕೇಸ್ 63.35 ಮಿ.ಮೀ., ನಮಗೆ ಬೇಕಾದದ್ದು ಸುಮಾರು 53.5. ಮೂಲ ಕೇಸ್‌ನಲ್ಲಿ ಕುತ್ತಿಗೆ ಶುರುವಾಗುವುದೇ ಸುಮಾರು 53.6 ಮಿ.ಮೀ. ಎತ್ತರದಲ್ಲಿ. ಅಂದರೆ ನಾವು ಕತ್ತರಿಸಿದಾಗ ಹಳೆಯ ಕುತ್ತಿಗೆ ಪೂರ್ತಿಯಾಗಿ ಹೊರಟುಹೋಗುತ್ತದೆ, ಹೊಸ ಕುತ್ತಿಗೆ ಹಳೆಯ ಭುಜ (ಒಡಲು ಕುತ್ತಿಗೆಯತ್ತ ಕಿರಿದಾಗುವ ಇಳಿಜಾರು) ಮತ್ತು ಒಡಲಿನ ಮೇಲ್ಭಾಗದಿಂದ ಹುಟ್ಟುತ್ತದೆ. ಒಡಲಿನ ಗೋಡೆ ಬುಡದ ಕಡೆಗೆ ಹೋದಂತೆ ದಪ್ಪವಾಗುತ್ತದೆ, ಅದನ್ನು ಒತ್ತಿ ಕಿರಿದು ಮಾಡಿದಾಗ ಇನ್ನಷ್ಟು ದಪ್ಪವಾಗುತ್ತದೆ, ಅದರೊಳಗೆ .30-06ರ ಗುಂಡಿಗಿಂತ ದಪ್ಪನಾದ .312 ಅಂಗುಲದ ಗುಂಡು ಕೂರಬೇಕು. ಹೀಗೆ ಕೂರಿಸಿದ ತೋಟೆಯ ಕುತ್ತಿಗೆ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಬಿಗಿಯಾದರೆ, ಹೊಡೆದಾಗ ಕುತ್ತಿಗೆ ಹಿಗ್ಗಿ ಗುಂಡನ್ನು ಬಿಡಲು ಜಾಗವೇ ಇರುವುದಿಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

ಆದ್ದರಿಂದ ಮೊದಲು ಚೇಂಬರಿನ ಅಚ್ಚು ತೆಗೆಯಿರಿ. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುವ ಸೆರೊಸೇಫ್ ಎಂಬ ಮಿಶ್ರಲೋಹ ಇದಕ್ಕಾಗಿಯೇ ಸಿಗುತ್ತದೆ. ಎರಕದ ಸುಮಾರು ಒಂದು ಗಂಟೆಯ ನಂತರ ಅಳೆದರೆ ಚೇಂಬರಿನ ನಿಜವಾದ ಅಳತೆ ಸಿಗುತ್ತದೆ. ಗುಂಡು ಕೂರಿಸಿದ ಮೇಲೆ ಕುತ್ತಿಗೆಯ ಹೊರ ಅಳತೆ ಅದಕ್ಕಿಂತ 0.08ರಿಂದ 0.10 ಮಿ.ಮೀ.ನಷ್ಟಾದರೂ ಕಡಿಮೆಯಿರಬೇಕೆಂಬುದು ನಾನು ಇಟ್ಟುಕೊಂಡಿರುವ ನಿಯಮ. ಅಷ್ಟು ಜಾಗ ಸಿಗುವವರೆಗೆ ಕುತ್ತಿಗೆಯ ಒಳಭಾಗವನ್ನು ರೀಮರಿನಿಂದ ಹೆರೆಯಬೇಕು, ಇಲ್ಲವೇ ಹೊರಭಾಗವನ್ನು ಟರ್ನಿಂಗ್ ಉಪಕರಣದಿಂದ ತೆಳುವಾಗಿಸಬೇಕು.

ಕೇಸ್‌ಗಳನ್ನು ಆರಿಸುವಾಗ ಗರಾಂಡ್‌ನಲ್ಲಿ ಹೊಡೆದವನ್ನು ಬದಿಗಿಡಿ. ಆ ಅರೆ-ಸ್ವಯಂಚಾಲಿತ ಸೇನಾ ರೈಫಲ್ ಕೇಸನ್ನು ಒರಟಾಗಿ ಎಳೆದು ಹಿಗ್ಗಿಸುತ್ತದೆ, ಬುಡದ ಸಮೀಪ ಒಳಗೆ ಸೂಕ್ಷ್ಮ ಬಿರುಕು ಇದ್ದರೂ ಹೊರಗೆ ಕಾಣುವುದಿಲ್ಲ. ಲೇಕ್ ಸಿಟಿಯ ಸೇನಾ ಕೇಸ್‌ಗಳಲ್ಲಿ ಪ್ರೈಮರ್ ಸುತ್ತ ಹಿಸುಕಿದ ಅಂಚು ಇರುತ್ತದೆ; ಅದನ್ನು ತೆಗೆಯದೆ ಹೊಸ ಪ್ರೈಮರ್ ಒತ್ತಬೇಡಿ.

ಕೆಲಸದ ಕ್ರಮವನ್ನು ಹೇಳುವುದಾದರೆ, ಕೇಸನ್ನು ಸುಮಾರು 56 ಮಿ.ಮೀ.ಗೆ ಗರಗಸದಿಂದ ಕತ್ತರಿಸಿ, ಅಂಚಿನ ಚೂರುಗಳನ್ನು ತೆಗೆದು, ತೆಳುವಾಗಿ ಗ್ರೀಸ್ ಸವರಿ, ನಡುವಿನ ಕಡ್ಡಿ ತೆಗೆದ 7.65 ಡೈಯೊಳಗೆ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಗ್ರೀಸ್ ಹೆಚ್ಚಾದರೆ ಭುಜದಲ್ಲಿ ಗುಳಿ ಬೀಳುತ್ತದೆ, ಕಡಿಮೆಯಾದರೆ ಕೇಸ್ ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ; ಮೊದಲ ದಿನ ನನಗೆ ಎರಡೂ ಆದವು. ಡೈಯನ್ನು ಒಂದೇ ಸಲಕ್ಕೆ ಪೂರ್ತಿ ಇಳಿಸಬೇಡಿ. ಕುತ್ತಿಗೆ ರೂಪುಗೊಂಡ ಕೂಡಲೇ ಕೇಸನ್ನು ಕೊನೆಯ ಉದ್ದಕ್ಕೆ ತಂದು ಕುತ್ತಿಗೆಯನ್ನು ಹೆರೆಯಿರಿ, ಇಲ್ಲದಿದ್ದರೆ ಉದ್ದದ ಬಾಯಿಯೇ ಚೇಂಬರಿಗೆ ತಗುಲುತ್ತದೆ. ಆಮೇಲೆ ಡೈಯನ್ನು ಪ್ರತಿ ಬಾರಿ ಕೊಂಚ ಇಳಿಸಿ, ಕೇಸನ್ನು ರೈಫಲ್‌ಗೆ ಹಾಕಿ ನೋಡಿ, ಬೋಲ್ಟ್ ತುಸು ಬಿಗಿಯೆನಿಸಿ ಮುಚ್ಚುವಲ್ಲಿಗೆ ನಿಲ್ಲಿಸಿದರೆ ಭುಜ ಚೇಂಬರಿಗೆ ಆತುಕೊಂಡಿರುತ್ತದೆ, ಹೊಡೆದಾಗ ಬುಡ ಎಳೆದು ಹರಿಯುವುದಿಲ್ಲ.

ಹಿತ್ತಾಳೆ ಬಡಿದಷ್ಟೂ, ಒತ್ತಿದಷ್ಟೂ ಗಡಸಾಗುತ್ತದೆಂಬುದನ್ನು ನಮ್ಮ ಕಂಚುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಗಡಸಾದ ಕುತ್ತಿಗೆ ಒಂದೆರಡು ಸಲದಲ್ಲೇ ಸೀಳುವುದರಿಂದ, ಆಕಾರ ಬಂದ ಮೇಲೆ ಕುತ್ತಿಗೆ ಮತ್ತು ಭುಜಕ್ಕೆ ಮಾತ್ರ ಬೆಂಕಿ ತೋರಿಸಿ ಮೆದು ಮಾಡಬೇಕು. ಮೊದಲೇ ತೀರಾ ಮೆದು ಮಾಡಿದಾಗ ನನ್ನ ಕೇಸ್‌ಗಳ ಭುಜ ಸುಕ್ಕುಗಟ್ಟಿತ್ತು. ಬುಡವನ್ನು ತಟ್ಟೆಯ ನೀರಿನಲ್ಲಿ ನಿಲ್ಲಿಸಿ, ಮಂದ ಬೆಳಕಿನಲ್ಲಿ ಕೆಂಪು ಕಾಣಿಸಿಕೊಳ್ಳುವ ಮೊದಲೇ ಕೇಸನ್ನು ನೀರಿಗೆ ಉರುಳಿಸಿ. ಕಮ್ಮಾರನ ಉಕ್ಕಿನಂತೆ ಹಿತ್ತಾಳೆ ನೀರಿಗದ್ದಿದರೆ ಗಡಸಾಗುವುದಿಲ್ಲ. ನೀರು ಇರುವುದು ಬಿಸಿ ಬುಡಕ್ಕೆ ಇಳಿಯದಿರಲಿ ಎಂದು. ಬುಡ ಮೆದುವಾದ ಕೇಸನ್ನು ಎಸೆದುಬಿಡಿ.

ಮದ್ದಿನ ಪ್ರಮಾಣವನ್ನು 7.65 ಅರ್ಜೆಂಟೈನ್‌ಗೆಂದು ಪ್ರಕಟವಾದ ಕೈಪಿಡಿಯಿಂದಲೇ ತೆಗೆದುಕೊಂಡು, ಅದರ ಕನಿಷ್ಠದಿಂದ ಆರಂಭಿಸಿ. ಸೇನಾ ಕೇಸ್‌ನ ಗೋಡೆ ದಪ್ಪವಾದ್ದರಿಂದ ಒಳಜಾಗ ಕಡಿಮೆಯಿರುತ್ತದೆ. ಸಿದ್ಧವಾದ ತೋಟೆಗಳ ಬುಡದಲ್ಲಿ ಹಳೆಯ ಮುದ್ರೆಯೇ ಉಳಿಯುವುದರಿಂದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದು, ಬುಡಕ್ಕೂ ಅಳಿಸದ ಬಣ್ಣ ಹಚ್ಚಿ. ಇವು .30-06 ರೈಫಲ್‌ನೊಳಗೂ ಹೋಗಿ ಕೂರುತ್ತವೆ, ಅಲ್ಲಿ ಹೊಡೆದರೆ ಅನಾಹುತ.

ಎಲ್ಲಾದರೂ 8×57 (ಜರ್ಮನ್ ಮೌಸರ್ ತೋಟೆ) ಕೇಸ್ ಸಿಕ್ಕರೆ ಲೇಕ್ ಸಿಟಿಯವನ್ನು ಬಿಟ್ಟು ಅದನ್ನೇ ಕೊಳ್ಳಿರೆಂದು ಹೇಳುತ್ತೇನೆ. ಅದರಲ್ಲಿ ಮೂಲ ಕುತ್ತಿಗೆಯ ಬಹುಭಾಗ ಉಳಿಯುವುದರಿಂದ ಹೆರೆಯುವ ಕೆಲಸ ಕಡಿಮೆ. ಯಾವುದೇ ಆಗಲಿ, ಮೊದಲು ಐದು ಕೇಸ್ ಮಾತ್ರ ಮಾಡಿ, ಅಚ್ಚಿನ ಕುತ್ತಿಗೆಯ ಅಳತೆಯನ್ನೂ ಗುಂಡು ಕೂರಿಸಿದ ಕುತ್ತಿಗೆಯ ಅಳತೆಯನ್ನೂ ಇಲ್ಲಿ ಬರೆಯಿರಿ; ಮದ್ದು ತುಂಬುವ ಮೊದಲು ಇಬ್ಬರೂ ನೋಡೋಣ.