12×16 ಹಾಲ್‌ಗೆ 12 ಡೌನ್‌ಲೈಟ್ ಬೇಕಾ?

ನಿಮ್ಮ ಪ್ರಶ್ನೆ ಓದ್ದೆ. ದಾವಣಗೆರೇಲಿ ಹೊಸ ಮನೆ, ಹಾಲ್ 12 ಅಡಿ 16 ಅಡಿ, ಮುಂದಿನ ವಾರ ಫಾಲ್ಸ್ ಸೀಲಿಂಗ್‌ನೋರು ಬರ್ತಾರೆ, ಎಲೆಕ್ಟ್ರಿಷಿಯನ್ ನೋಡಿದ್ರೆ 12 ವ್ಯಾಟಿಂದು 12 ಡೌನ್‌ಲೈಟ್ (ಸೀಲಿಂಗಲ್ಲಿ ಕೂರಿಸೋ ಲೈಟು), ಎಲ್ಲಾ ವೈಟು, ಸುತ್ತ ಎಲ್‌ಇಡಿ ಪಟ್ಟಿ ಅಂದ್ರೆ ಸ್ಟ್ರಿಪ್ಪು ಅಂತಿದಾನೆ, ನಿಮ್ಗೆ ಅಮ್ಮ ಸಂಜೆ ಪೇಪರ್ ಓದೋಕೆ ಬೆಳಕು ಸಾಲುತ್ತೋ ಇಲ್ವೋ ಅನ್ನೋ ಚಿಂತೆ. ನಾನು ಇದೇ ಊರಲ್ಲಿ ಮನೆ ವೈರಿಂಗ್ ಕೆಲಸ ಮಾಡಿಸೋನು, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪೂರ್ತಿ ಹೇಳ್ತೀನಿ. 12 ಬೇಡ, 6 ಸಾಕು. ಉಳಿದ ದುಡ್ಡಲ್ಲಿ ಸ್ವಿಚ್ ಜಾಸ್ತಿ ಮಾಡಿಸ್ರಿ.

ಲೆಕ್ಕ ನೋಡ್ರಿ. ನಿಮ್ಮ ಹಾಲು 192 ಚದರ ಅಡಿ, ಅಂದ್ರೆ ಹತ್ರತ್ರ 18 ಚದರ ಮೀಟರ್. ಕೂತು ಮಾತಾಡೋಕೆ, ಓಡಾಡೋಕೆ 150 ಲಕ್ಸ್ (ಒಂದು ಚದರ ಮೀಟರಿಗೆ 150 ಲ್ಯೂಮೆನ್; ಲ್ಯೂಮೆನ್ ಅಂದ್ರೆ ಲೈಟ್ ಕೊಡೋ ಬೆಳಕಿನ ಅಳತೆ) ಬೆಳಕು ಇದ್ರೆ ಧಾರಾಳ ಆಯ್ತು. ಗೋಡೆ, ಸೀಲಿಂಗ್ ಸ್ವಲ್ಪ ಬೆಳಕು ನುಂಗ್ತಾವೆ ಅಂತ ಹಿಡಿದ್ರೂ 4,500 ಲ್ಯೂಮೆನ್ ಆಸುಪಾಸು ಬೇಕಾಗ್ತೈತೆ. ಈಗಿನ ಎಲ್‌ಇಡಿ ಒಂದು ವ್ಯಾಟಿಗೆ 90-100 ಲ್ಯೂಮೆನ್ ಕೊಡ್ತೈತೆ, ಅಂದ್ರೆ 45-50 ವ್ಯಾಟಲ್ಲಿ ಮುಗೀತು. ಅವನು ಹೇಳಿದ್ದು 144 ವ್ಯಾಟು! ಅಷ್ಟು ಬೆಳಕಲ್ಲಿ ಕೂತ್ರೆ ಕಣ್ಣು ಚುಚ್ಚುತ್ತೆ, ಕೆಳಗೆ ಹೊಳೆಯೋ ವಿಟ್ರಿಫೈಡ್ ಟೈಲ್ಸ್ ಇದ್ರಂತೂ ಮೇಲಿನ 12 ಲೈಟು ಕೆಳಗೂ 12 ಕಾಣ್ತಾವೆ. 7 ಅಥವಾ 8 ವ್ಯಾಟಿಂದು 6 ಹಾಕಿಸ್ರಿ. ಅಂಗಡೀಲಿ ಕೇಳುವಾಗ ಲೈಟ್ ಸ್ವಲ್ಪ ಒಳಗೆ ಕೂತಿರೋ ಮಾಡೆಲ್ ಕೇಳ್ರಿ, ಸೋಫಾದಲ್ಲಿ ಒರಗಿ ಮೇಲೆ ನೋಡಿದ್ರೂ ನೇರ ಕಣ್ಣಿಗೆ ಹೊಡೆಯಲ್ಲ.

ಈಗ ಸ್ವಿಚ್ಚಿನ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಹಾಲ್‌ನಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಕೆಲಸ ನಡೀತೈತೆ. ಸಂಜೆ ನೆಂಟರು ಬಂದು ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಕೊಂಡು ಕೂತಾಗ ಪೂರ್ತಿ ಬೆಳಕು ಬೇಕು, ರಾತ್ರಿ ಟಿವಿ ನೋಡುವಾಗ ಸ್ವಲ್ಪ ಸಾಕು, ಹುಡುಗರು ಅಲ್ಲೇ ಕೂತು ಹೋಂವರ್ಕ್ ಮಾಡಿದ್ರೆ ಆ ಜಾಗಕ್ಕೆ ಮಾತ್ರ ಜೋರಾಗಿರ್ಬೇಕು. ಆರೂ ಲೈಟು ಒಂದೇ ಸ್ವಿಚ್ಚಿಗೆ ಕೊಟ್ರೆ ಇದ್ರೆ ಎಲ್ಲಾ, ಇಲ್ಲಾಂದ್ರೆ ಕತ್ಲು. ಟಿವಿ ಕಡೆ ಎರಡಕ್ಕೆ ಒಂದು ಸ್ವಿಚ್, ಸೋಫಾ ಕಡೆ ನಾಲ್ಕಕ್ಕೆ ಒಂದು, ಸ್ಟ್ರಿಪ್ಪಿಗೆ ಒಂದು, ಓದೋ ಲೈಟಿಗೆ ಒಂದು. ಹೊಸ ಮನೇಲಿ ಈಗ ಇದಕ್ಕೆ ಬೀಳೋ ಖರ್ಚು ಸ್ವಲ್ಪ ವೈರು, ಎರಡು ಮೂರು ಸ್ವಿಚ್ಚು ಅಷ್ಟೇ, ಆಮೇಲೆ ಮಾಡಿಸ್ಬೇಕಂದ್ರೆ ಗೋಡೆ ಒಡೀಬೇಕು. ಒಂದೇ ಲೈಟನ್ನ ಎರಡು ಕಡೆಯಿಂದ ಹಚ್ಚಿ ಆರಿಸೋಕೆ ಬಾಗಿಲ ಹತ್ರ ಒಂದು, ಬೆಡ್‌ರೂಮ್ ಕಡೆ ಒಂದು ಟೂ-ವೇ ಸ್ವಿಚ್ಚೂ ಕೊಡಿಸ್ರಿ, ವಯಸ್ಸಾದೋರು ರಾತ್ರಿ ಎದ್ದು ಕತ್ಲಲ್ಲಿ ತಡಕಾಡೋದು ತಪ್ತೈತೆ.

ಅಮ್ಮನ ಪೇಪರಿಗೆ ಸೀಲಿಂಗ್ ಲೈಟ್ ಎಷ್ಟು ಹಾಕಿದ್ರೂ ಸಮಾಧಾನ ಆಗಲ್ಲ. ವಯಸ್ಸಾದಂಗೆ ಕಣ್ಣಿನ ಪಾಪೆ ಸಣ್ಣದಾಗ್ತೈತೆ, ಒಳಗಿನ ಲೆನ್ಸ್ ಹಳದಿಯಾಗ್ತೈತೆ, ನಮಗೆ ಸಾಕಾಗೋ ಬೆಳಕು ಅವರಿಗೆ ಸಾಲಲ್ಲ. ಅದ್ರ ಮೇಲೆ ನೆತ್ತಿ ಮೇಲಿಂದ ಬೀಳೋ ಬೆಳಕಿಗೆ ಅವರ ತಲೆ ನೆರಳೇ ಪೇಪರ್ ಮೇಲೆ ಬೀಳ್ತೈತೆ. ಅಂತರ ಎರಡು ಪಟ್ಟಾದ್ರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳೀತೈತೆ, ಹಂಗಾಗಿ ದೂರದಿಂದ ಕೊಡೋದಕ್ಕಿಂತ ಹತ್ರದಿಂದ ಕೊಡ್ರಿ. ಅವರು ದಿನಾ ಕೂರೋ ಕುರ್ಚಿ ಯಾವ ಜಾಗದಲ್ಲಿ ಅಂತ ಈಗ್ಲೇ ಗೊತ್ತು ಮಾಡ್ಕೊಂಡು, ಅದರ ಹಿಂದೆ ಭುಜದಿಂದ ಸ್ವಲ್ಪ ಮೇಲೆ ಗೋಡೆಗೆ ಒಂದು ಪಾಯಿಂಟ್ ಬಿಡಿಸ್ರಿ. ತಿರುಗಿಸೋಕೆ ಬರೋ ವಾಲ್ ಲೈಟ್, 9 ವ್ಯಾಟ್ ಬಲ್ಬು, ಮೇಲೊಂದು ಶೇಡು. ಸ್ವಿಚ್ ಕೂತಲ್ಲೇ ಕೈಗೆ ಸಿಗ್ಬೇಕು.

ಫ್ಯಾನ್ ವಿಷಯ ಯಾರೂ ಹೇಳಲ್ಲ, ಹೇಳ್ಲೇಬೇಕು. ಮಾರ್ಚಿಂದ ಮೇ ತನಕ ನಮ್ಮೂರಲ್ಲಿ ಫ್ಯಾನ್ ಆಫ್ ಮಾಡೋ ಮಾತೇ ಇಲ್ಲ. ಡೌನ್‌ಲೈಟ್ ಫ್ಯಾನಿನ ರೆಕ್ಕೆ ಮೇಲೆ ಬಂತು ಅಂದ್ರೆ ಪ್ರತಿ ಸುತ್ತಿಗೂ ರೆಕ್ಕೆ ಬೆಳಕನ್ನ ಕತ್ತರಿಸಿ ಗೋಡೆ, ನೆಲ, ಓದೋ ಪುಸ್ತಕ ಎಲ್ಲದ್ರ ಮೇಲೂ ಪಟಪಟ ನೆರಳು ಓಡ್ತೈತೆ, ಹತ್ತು ನಿಮಿಷಕ್ಕೆ ತಲೆನೋವು ಗ್ಯಾರಂಟಿ. ನಿಮ್ಮದು 48 ಇಂಚಿನ ಫ್ಯಾನ್ ಅಂದ್ರೆ ಮಧ್ಯದಿಂದ ರೆಕ್ಕೆ ತುದಿಗೆ 2 ಅಡಿ. ಲೈಟು ಮಧ್ಯದಿಂದ ಕನಿಷ್ಠ 3 ಅಡಿ ಆಚೆ ಇರ್ಲಿ, 4 ಅಡಿ ಆದ್ರೆ ಇನ್ನೂ ಚೆನ್ನ. 12 ಅಡಿ ಅಗಲದಲ್ಲಿ ಗೋಡೆಯಿಂದ 2 ಅಡಿ ಬಿಟ್ಟು ಸಾಲಾಗಿ ಹಾಕಿದ್ರೆ ಸರಿಯಾಗಿ 4 ಅಡಿ ಸಿಗ್ತೈತೆ, ಬೆಳಕು ಗೋಡೆಗೂ ಬಿದ್ದು ಹಾಲ್ ದೊಡ್ಡದಾಗಿ ಕಾಣ್ತೈತೆ. ಟಿವಿಗೆ ಎದುರಿನ ಗೋಡೆ ಕಡೆ ಲೈಟ್ ಕೂರಿಸೋ ಮುಂಚೆ ಸ್ಕ್ರೀನಲ್ಲಿ ಅದರ ಬಿಂಬ ಬರುತ್ತಾ ಅಂತ ಒಂದ್ಸಲ ಕೂತು ನೋಡ್ಕೊಳ್ರಿ.

ಬಣ್ಣ. ಅವನು ಹೇಳಿದ ವೈಟು 6500 ಕೆಲ್ವಿನ್, ನೀಲಿ ಹೊಡಿಯೋ ಬಿಳಿ, ಅದು ಅಂಗಡಿಗೆ ಸರಿ. ಮನೆ ಹಾಲ್‌ಗೆ ಡೌನ್‌ಲೈಟ್ 4000, ಸ್ಟ್ರಿಪ್ಪೂ ಓದೋ ಲೈಟೂ 3000 ಅಂದ್ರೆ ಹಳದಿ, ಇದು ನನ್ನ ಆಯ್ಕೆ. ಹಳದಿ ಅಂದ್ರೆ ಮಂಕು ಅಂತ ಮನೇಲಿ ಒಬ್ರಾದ್ರೂ ಅಂದೇ ಅಂತಾರೆ. ಬೆಳಕಿನ ಪ್ರಮಾಣ ಹೇಳೋದು ಲ್ಯೂಮೆನ್, ಕೆಲ್ವಿನ್ ಹೇಳೋದು ಬಣ್ಣ ಮಾತ್ರ, ಅದಕ್ಕೆ 4000 ಮತ್ತೆ 3000 ಒಂದೊಂದು 9 ವ್ಯಾಟ್ ಬಲ್ಬ್ ತಂದು ಖಾಲಿ ಹಾಲ್‌ನಲ್ಲೇ ಹೋಲ್ಡರಿಗೆ ಹಾಕಿ ರಾತ್ರಿ ಎಲ್ಲರಿಗೂ ತೋರ್ಸಿ, ಗೋಡೆ ಪೇಂಟಿನ ಸ್ಯಾಂಪಲ್ಲೂ ಅದೇ ಬೆಳಕಲ್ಲಿ ನೋಡ್ರಿ. ಇನ್ನೊಂದು ಲಾಭ ಐತೆ, ಸುತ್ತ ಭದ್ರಾ ನಾಲೆ ಗದ್ದೆಗಳಿರೋ ಊರು ನಮ್ದು, ಮಳೆ ಬಿದ್ದ ಸಂಜೆ ಕಿಟಕಿ ತೆಗೆದಿದ್ರೆ ರೆಕ್ಕೆ ಹುಳ ನುಗ್ತಾವೆ, ನೀಲಿ ಅಂಶ ಜಾಸ್ತಿ ಇರೋ ಲೈಟಿಗೆ ಹುಳ ಜಾಸ್ತಿ, ಹಳದಿಗೆ ಕಮ್ಮಿ. ಸ್ವಿಚ್ ಆಫ್ ಆನ್ ಮಾಡಿದ್ರೆ ಬಣ್ಣ ಬದಲಾಗೋ ತ್ರೀ-ಇನ್-ವನ್ ಲೈಟ್ ತೋರಿಸ್ತಾರೆ, ಬೇಡ ಅನ್ನಿ, ಕರೆಂಟ್ ಹೋಗಿ ಬಂದಾಗ ಒಂದು ಬಿಳಿ ಒಂದು ಹಳದಿ ಆಗಿ ನಿಲ್ಲೋದುಂಟು.

ಡಬ್ಬಿ ಮೇಲೆ ಸಿಆರ್‌ಐ ಅಂತ ಇರ್ತೈತೆ, ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣ್ತೈತೆ ಅನ್ನೋ ಅಳತೆ, 80 ಸಾಮಾನ್ಯ, 90 ಸಿಕ್ರೆ ತಗೊಳ್ರಿ, ಸೀರೆ ಬಣ್ಣ, ಮುಖದ ಬಣ್ಣ ಇದ್ದಂಗೇ ಕಾಣ್ತೈತೆ. ಲೈಟ್ ಹಚ್ಚಿ ಮೊಬೈಲ್ ಕ್ಯಾಮೆರಾ ಹಿಡಿದಾಗ ಸ್ಕ್ರೀನಲ್ಲಿ ಕಪ್ಪು ಪಟ್ಟೆ ದಪ್ಪಗೆ ಓಡಿದ್ರೆ ಅದರ ಡ್ರೈವರ್ (ಎಲ್‌ಇಡಿಗೆ ಬೇಕಾದಂಗೆ ಕರೆಂಟ್ ಕೊಡೋ ಭಾಗ) ಸರಿ ಇಲ್ಲ, ವಾಪಸ್ ಇಡ್ರಿ.

ಸ್ಟ್ರಿಪ್ ನಿಮ್ಮ ಹಾಲ್ ಸುತ್ತ 56 ಅಡಿ, ಅಂದ್ರೆ 17 ಮೀಟರ್. 12 ವೋಲ್ಟಿನ ಸ್ಟ್ರಿಪ್ಪನ್ನ ಒಂದೇ ತುದಿಯಿಂದ ಅಷ್ಟುದ್ದ ಎಳೆದ್ರೆ ಕೊನೆಗೆ ಹೋಗೋಷ್ಟರಲ್ಲಿ ಮಂಕಾಗ್ತೈತೆ, ಪ್ರತಿ 5 ಮೀಟರಿಗೆ ಬೇರೆ ವೈರ್ ಕೊಡ್ಲಿ. ಸ್ಲ್ಯಾಬಿಗೂ ಸ್ಟ್ರಿಪ್ಪಿಗೂ 5-6 ಇಂಚು ಜಾಗ ಇಲ್ಲಾಂದ್ರೆ ಬೆಳಕು ಹರಡಲ್ಲ, ಬರೀ ಗೆರೆ ಕಾಣ್ತೈತೆ. ಮೊದ್ಲು ಕೆಡೋದು ಸಾಮಾನ್ಯವಾಗಿ ಡ್ರೈವರ್, ಅದನ್ನ ಸೀಲಿಂಗ್ ಒಳಗೆ ಮುಚ್ಚಿಬಿಡೋಕೆ ಬಿಡ್ಬೇಡ್ರಿ, ಕೈ ಹೋಗೋ ಕಡೆ ಇಡಿಸ್ರಿ, ಬೇಕಾದ ವ್ಯಾಟಿಗಿಂತ 20 ಪರ್ಸೆಂಟ್ ದೊಡ್ಡದಿರ್ಲಿ. ಧೂಳಿನ ಊರು, ಸ್ಟ್ರಿಪ್ ಕೂರಿಸೋ ಸಂದಿಯಲ್ಲಿ ಧೂಳು ಕೂತೇ ಕೂರ್ತೈತೆ, ಒರೆಸೋಕೆ ಆಗೋಷ್ಟು ಅಗಲ ಬಿಡಿಸೋದು ಒಳ್ಳೇದು.

ಟಿವಿ ಕಡೆಯ ಎರಡು ಲೈಟ್ ಯುಪಿಎಸ್ ಲೈನಿಗೆ ಕೊಡಿ, ಕರೆಂಟ್ ಹೋದಾಗ ಅವೇ ಸಾಕು. ಮತ್ತೆ ಸೀಲಿಂಗ್ ಬೋರ್ಡ್ ಮುಚ್ಚೋ ಮುಂಚೆ ಗೋಡೆಗೆ ಟೇಪ್ ಹಿಡಿದು ಅಳತೆ ಕಾಣೋ ಹಂಗೆ ವೈರಿಂಗ್ ಫೋಟೋ ತೆಗೆದಿಟ್ಕೊಳ್ರಿ, ಮುಂದೆ ಯಾವತ್ತಾದ್ರೂ ರಿಪೇರಿ ಬಂದ್ರೆ ವೈರ್ ಎಲ್ಲಿ ಹೋಗೈತೆ ಅಂತ ಹುಡುಕೋದು ಉಳೀತೈತೆ.