ಲ್ಯಾಬಿನಲ್ಲಿ ಯೂಟ್ಯೂಬ್ ಬಂದ್ ಮಾಡಬೇಕೆ?

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ. ಲ್ಯಾಬಿನಲ್ಲಿ 12 ಕಂಪ್ಯೂಟರುಗಳಿವೆ. ಯೂಟ್ಯೂಬ್ ಪೂರ್ತಿ ಬಂದ್ ಮಾಡಿ ಎಂದು ಪೋಷಕರು ಸಭೆಯಲ್ಲಿ ಪಟ್ಟು ಹಿಡಿದಿದ್ದಾರೆ. ಅದಿಲ್ಲದೆ ಪಾಠ ಮಾಡುವುದು ಕಷ್ಟ ಅನ್ನುತ್ತಾರೆ ವಿಜ್ಞಾನದ ಮೇಷ್ಟ್ರು. ಪ್ರತಿ ಮಗುವಿನ ಪರದೆಯನ್ನೂ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಹಾಕಿಕೊಡುತ್ತೇವೆಂದು ಒಬ್ಬರು ಬಂದು ಹೋದರು. ಏನು ಮಾಡಲಿ?
– ಮುಖ್ಯ ಶಿಕ್ಷಕಿ, ಉತ್ತರ ಕನ್ನಡ

ಉತ್ತರ: ಮೇಡಂ, ಆ ಸಾಫ್ಟ್‌ವೇರ್ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅಂದರೆ ರೆಕಾರ್ಡ್ ಆಗುವುದು ಮಕ್ಕಳ ಮಾಹಿತಿ. ಆ ರೆಕಾರ್ಡಿಂಗು ಯಾರ ಸರ್ವರಿನಲ್ಲಿ, ಎಷ್ಟು ದಿನ ಇರುತ್ತದೆ ಎಂದು ಬಂದವರನ್ನು ಕೇಳಿ ನೋಡಿ. 12 ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯ ಉಪಾಯವಿದೆ: ಮೇಜುಗಳನ್ನು ಗೋಡೆಗೆ ತಾಗಿಸಿ, ಪರದೆಗಳೆಲ್ಲ ಶಿಕ್ಷಕರ ಕಡೆಗೆ ಮುಖ ಮಾಡುವಂತೆ ಇಡಿ. ಖರ್ಚಿಲ್ಲ.

ಹಾಗಂತ ಬಾಗಿಲು ಹಾರುಹೊಡೆದಿಡಿ ಅನ್ನುತ್ತಿಲ್ಲ. ಶಾಲೆಗಳಲ್ಲಿ ಫೈರ್‌ವಾಲ್ (ನೆಟ್‌ವರ್ಕಿನ ಕಾವಲುಗಾರ), ಫಿಲ್ಟರ್ ಇರಬೇಕೆಂದು ಸಿಬಿಎಸ್ಇ 2017ರಲ್ಲೇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿದೆ. ನಿಮ್ಮದು ರಾಜ್ಯ ಪಠ್ಯಕ್ರಮವಾದರೂ ಮಾತು ಸರಿಯೇ. ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್ಎಸ್ ಅನ್ನುತ್ತಾರೆ. ರೂಟರಿನ ಡಿಎನ್ಎಸ್ ಜಾಗದಲ್ಲಿ 1.1.1.3 ಎಂದು ಹಾಕಿದರೆ ಅಶ್ಲೀಲ ತಾಣಗಳೂ ವೈರಸ್ ಹರಡುವ ತಾಣಗಳೂ ಬಹುಪಾಲು ಅಲ್ಲೇ ನಿಲ್ಲುತ್ತವೆ. ಕ್ಲೌಡ್‌ಫ್ಲೇರ್ ಕಂಪನಿ ಇದನ್ನು 2020ರಿಂದ ಉಚಿತವಾಗಿ ಕೊಡುತ್ತಿದೆ. ಎರಡನೆಯ ಜಾಗಕ್ಕೆ 1.0.0.3 ಹಾಕಿ. ಮಕ್ಕಳ ಲಾಗಿನ್‌ಗೆ ಅಡ್ಮಿನ್ ಅಧಿಕಾರ (ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಅಧಿಕಾರ) ಕೊಡಬೇಡಿ. ಕೊಟ್ಟರೆ ಒಂಬತ್ತನೇ ಕ್ಲಾಸಿನ ಯಾವನೋ ಒಬ್ಬ ಮಧ್ಯಾಹ್ನದ ಊಟದೊಳಗೆ ತನ್ನ ಕಂಪ್ಯೂಟರಿನ ಡಿಎನ್ಎಸ್ ಬದಲಿಸಿರುತ್ತಾನೆ!

ಡಿಎನ್ಎಸ್ ಬಸ್ ಕಂಡಕ್ಟರ್ ಇದ್ದಂತೆ. ಯಾವ ಸ್ಟಾಪ್ ಎಂದು ಕೇಳುತ್ತದೆ, ಇಳಿದು ಯಾರ ಮನೆಗೆ ಎಂದು ಕೇಳುವುದಿಲ್ಲ. ಯಾವ ತಾಣ ಎಂದಷ್ಟೇ ಅದಕ್ಕೆ ಗೊತ್ತು, ಒಳಗೆ ಯಾವ ವಿಡಿಯೊ ಎಂದಲ್ಲ. ಹಾಗಾಗಿ ಇದರಿಂದ ಯೂಟ್ಯೂಬ್ ಬಿಟ್ಟರೆ ಪೂರ್ತಿ, ಮುಚ್ಚಿದರೂ ಪೂರ್ತಿ. ಮುಚ್ಚದೆ ಬಿಡಿ. ಯೂಟ್ಯೂಬ್‌ನದೇ ನಿರ್ಬಂಧಿತ ಮೋಡ್ ಆನ್ ಮಾಡಿಸಿ. ವಯಸ್ಕರಿಗೆ ಮೀಸಲಾದ ವಿಡಿಯೊಗಳು ಬಹುತೇಕ ಮರೆಯಾಗುತ್ತವೆ, ಕಾಮೆಂಟುಗಳೂ ಕಾಣುವುದಿಲ್ಲ. ಮಕ್ಕಳು ಬಿಚ್ಚಲಾಗದಂತೆ ಅದನ್ನು ನೆಟ್‌ವರ್ಕಿನಲ್ಲೇ ಬಿಗಿಯಬಹುದು. ನೆಟ್‌ವರ್ಕ್ ಬಲ್ಲವರಿಗೆ ಸಣ್ಣ ಕೆಲಸ.

ಪದ ನೋಡಿ ತಡೆಯುವ ಫಿಲ್ಟರುಗಳ ತಂಟೆಗೆ ಹೋಗಬೇಡಿ. ಸ್ತನ ಕ್ಯಾನ್ಸರ್ ಕುರಿತ ಪುಟವನ್ನೂ, ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠವನ್ನೂ ಅವು ಅಶ್ಲೀಲ ತಾಣಗಳ ಜೊತೆ ಒಂದೇ ತಕ್ಕಡಿಗೆ ಹಾಕುತ್ತವೆ. ಇಂಗ್ಲಿಷ್ ಪದಗಳ ಪಟ್ಟಿ ಹಿಡಿದು ಕೂತ ಫಿಲ್ಟರಿಗೆ ನಮ್ಮ ಕನ್ನಡದ ಬೈಗುಳವಂತೂ ಅರ್ಥವೇ ಆಗದು.

ಪೋಷಕರಿಗೆ ಒಂದು ಮಾತು ನೇರವಾಗಿ ಹೇಳಿ: ಲ್ಯಾಬಿನ ಫಿಲ್ಟರ್ ಲ್ಯಾಬಿಗಷ್ಟೇ. ಮನೆಯಲ್ಲಿ ಅಪ್ಪನ ಮೊಬೈಲ್ ಡೇಟಾದ ಮೇಲೆ ಅದರ ಆಟ ನಡೆಯುವುದಿಲ್ಲ.

ಲ್ಯಾಬಿನ ಬಾಗಿಲ ಬಳಿ ಒಂದು ನೋಟ್‌ಬುಕ್ ತೂಗುಹಾಕಿ. ಪಾಠಕ್ಕೆ ಬೇಕಾದ ಯಾವ ತಾಣ ತೆರೆಯಲಿಲ್ಲ ಎಂದು ಮಕ್ಕಳೂ ಮೇಷ್ಟ್ರೂ ಬರೆಯಲಿ. ತೆರೆಯುವ ಅಧಿಕಾರ ಶಾಲೆಯೊಳಗಿನ ಒಬ್ಬರ ಕೈಯಲ್ಲೇ ಇರಲಿ, ಊರಾಚೆಯ ಏಜೆಂಟರ ಕೈಯಲ್ಲಿ ಬೇಡ. ಮುಂದಿನ ಪೋಷಕರ ಸಭೆಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.