ಟೆಕ್ಸಸ್ಸಿನಲ್ಲಿ ಊಟಕ್ಕೆ ಹೋದರೆ 'ಪಾರ್ಸೆಲ್' ಅನ್ನಬೇಡಿ

ಕಾಸರಗೋಡಿನ ಬದಿಯಡ್ಕದಿಂದ ಡಲ್ಲಾಸಿಗೆ ಬರುತ್ತಿದ್ದೀರಿ, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ, ಸಸ್ಯಾಹಾರಿ. ಹೊರಗೆ ಉಣ್ಣಲು ಹೋದರೆ ಹೇಗೆ ಕೇಳುವುದು ಎಂದಿರಿ.

ಇಲ್ಲಿ ಹೋಟೆಲ್ ಅಂದರೆ ರೂಮು ಸಿಗುವ ಜಾಗ, ಊಟಕ್ಕೆ ರೆಸ್ಟೋರೆಂಟ್. ಕಾಸರಗೋಡಿನಲ್ಲಿ ಯಾವ ಭಾಷೆಯವರಿಗೂ ತಿಳಿಯುವ 'ಪಾರ್ಸೆಲ್' ಇಲ್ಲಿ ಅಂಚೆಯ ಕಟ್ಟು. ಕೌಂಟರಿನಲ್ಲಿ 'ಫಾರ್ ಹಿಯರ್ ಆರ್ ಟು ಗೋ?' ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಕಟ್ಟಿಸಿಕೊಳ್ಳುವುದಾದರೆ 'ಟು ಗೋ'. ತಿಂದು ಉಳಿದದ್ದಕ್ಕೆ 'ಕುಡ್ ಐ ಗೆಟ್ ಎ ಬಾಕ್ಸ್?' ಎನ್ನಿ, ಸಂಕೋಚ ಬೇಡ. 'ಸೂಪರ್ ಸಾಲಡ್' ಎಂದು ಕೇಳಿಸಿದರೆ ಅದು 'ಸೂಪ್ ಆರ್ ಸಾಲಡ್?', 'ಯೆಸ್' ಎಂದರೆ ಅದನ್ನೇ ಮತ್ತೆ ಕೇಳುತ್ತಾರೆ. 'ಆಂಟ್ರೆ' ಇಲ್ಲಿ ಮುಖ್ಯ ಊಟ. ಬದನೆ ಎಗ್‌ಪ್ಲಾಂಟ್, ಅದರಲ್ಲಿ ಮೊಟ್ಟೆಯಿಲ್ಲ, ಬೆಂಡೆ ಓಕ್ರಾ. 'ಲೇಡಿಫಿಂಗರ್' ಮಾತ್ರ ಮೊಟ್ಟೆ ಹಾಕಿದ ಬಿಸ್ಕತ್ತು! ಪೆಪ್ಪರೋನಿ ಮೆಣಸಲ್ಲ, ಮಾಂಸ.

ನಿಮಗೆ ನಿಜವಾದ ತೊಡಕು 'ವೆಜಿಟೇರಿಯನ್' ಎಂಬ ಪದದ್ದೇ. ಅಷ್ಟೇ ಹೇಳಿದರೆ ಕಣ್ಣಿಗೆ ಕಾಣುವ ತುಂಡು ತೆಗೆದಾರು, ಸಾರಿನಲ್ಲಿ ಕರಗಿದ್ದು ಉಳಿಯುತ್ತದೆ. ಫ್ರೆಂಚ್ ಆನಿಯನ್ ಸೂಪಿಗೆ ಸಾಮಾನ್ಯವಾಗಿ ದನದ ಎಲುಬಿನ ರಸ, ಸೀಸರ್ ಸಾಲಡಿನ ಡ್ರೆಸಿಂಗಿಗೆ ಆಂಚೊವಿ ಮೀನು. ಟೆಕ್ಸಸ್ಸಿನಲ್ಲಿ ಎಲ್ಲೆಲ್ಲೂ ಇರುವ ಮೆಕ್ಸಿಕನ್ ಅಂಗಡಿಗಳಲ್ಲಿ ಅನ್ನ ಕೋಳಿರಸದಲ್ಲಿ ಬೆಂದಿರಬಹುದು, ರಿಫ್ರೈಡ್ ಬೀನ್ಸಿಗೆ ಲಾರ್ಡ್, ಅಂದರೆ ಹಂದಿಕೊಬ್ಬು, ಬಿದ್ದಿರಬಹುದು. ಆದ್ದರಿಂದ ಪದಾರ್ಥದ ಹೆಸರು ಹಿಡಿದೇ ಕೇಳಿ: 'ಈಸ್ ದ ರೈಸ್ ಕುಕ್ಡ್ ಇನ್ ಚಿಕನ್ ಬ್ರಾತ್?', 'ಎನಿ ಲಾರ್ಡ್ ಇನ್ ದ ಬೀನ್ಸ್?' 'ಐ ಥಿಂಕ್ ಇಟ್ಸ್ ಫೈನ್' ಎಂಬ ಉತ್ತರ ಸಾಲದು. 'ಕುಡ್ ಯು ಚೆಕ್ ವಿತ್ ದ ಕಿಚನ್?' ಎನ್ನಿ. ಮೊಟ್ಟೆ ಇವರ ಲೆಕ್ಕದಲ್ಲಿ ಸಸ್ಯಾಹಾರವೇ, 'ನೋ ಎಗ್ಸ್' ಎಂದು ಬೇರೆಯಾಗಿ ಹೇಳಬೇಕು. ವೀಗನ್ ಎಂದರೆ ಮೊಟ್ಟೆಯ ಜೊತೆ ಹಾಲು, ಬೆಣ್ಣೆ, ತುಪ್ಪವೂ ಹೋಯಿತು. ತಪ್ಪಿಸಿಕೊಳ್ಳಲು ಅಲರ್ಜಿ ಎಂದು ಸುಳ್ಳು ಹೇಳಬೇಡಿ, ಅಡುಗೆಮನೆಯವರು ಪಾತ್ರೆ, ಕತ್ತಿ ಎಲ್ಲ ಬದಲಿಸಬೇಕಾಗುತ್ತದೆ.

ಬರೀ 'ಟೀ' ಕೇಳಿದರೆ ಐಸ್ ಹಾಕಿದ್ದು ಬರುತ್ತದೆ. 'ಹಾಟ್ ಟೀ, ಮಿಲ್ಕ್ ಆನ್ ದ ಸೈಡ್' ಎನ್ನಿ. ನಮ್ಮ ಚಾಯದ ರುಚಿ ನಿರೀಕ್ಷಿಸಬೇಡಿ.

ಬಿಲ್ಲಿಗೆ 'ಚೆಕ್, ಪ್ಲೀಸ್'. ಕಾರ್ಡು ಕೊಟ್ಟರೆ ಹಲವು ಕಡೆ ಎರಡು ಚೀಟಿ ಬರುತ್ತವೆ. 'ಮರ್ಚೆಂಟ್ ಕಾಪಿ', ಅಂದರೆ ಅಂಗಡಿಯವರ ಪ್ರತಿಯಲ್ಲಿ ಟಿಪ್, ಒಟ್ಟು ಮೊತ್ತ ಎರಡನ್ನೂ ಬರೆದು ಸಹಿ ಮಾಡಿ ಮೇಜಿನ ಮೇಲೇ ಬಿಡಿ. ಟಿಪ್ಪಿನ ಲೆಕ್ಕ ತೆರಿಗೆಗೆ ಮುಂಚಿನ ಮೊತ್ತದ ಮೇಲೆ, 18ರಿಂದ 20 ಶೇಕಡಾ. 40 ಡಾಲರಿನ ಊಟಕ್ಕೆ 8 ಕೊಡಿ. ಇದು ಜಿಪುಣತನ ತೋರಿಸುವ ಜಾಗವಲ್ಲ: ಟಿಪ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಫೆಡರಲ್ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ, ಟೆಕ್ಸಸ್ಸಿನಲ್ಲೂ ಅಷ್ಟೇ. ಆರೆಂಟು ಮಂದಿ ಒಟ್ಟಿಗೆ ಹೋದಾಗ ಮಾತ್ರ ಬಿಲ್ಲಿನಲ್ಲಿ 'ಗ್ರಾಟ್ಯುಯಿಟಿ' ಎಂಬ ಸಾಲು ನೋಡಿಕೊಳ್ಳಿ, ಇದ್ದರೆ ಟಿಪ್ ಅದರಲ್ಲೇ ಸೇರಿದೆ. ಕಟ್ಟಿಸಿಕೊಂಡು ಹೋಗುವಾಗ ಟಿಪ್ ಕಡ್ಡಾಯವಲ್ಲ, ಟಿಪ್ ಕೇಳುವ ಯಂತ್ರದ ಪರದೆಯನ್ನು ನಿಮ್ಮತ್ತ ತಿರುಗಿಸಿದರೂ.